ಸ್ವರ ಸಂವಾದ: ಮಡೋನಾ ದಾರಿ ಬದಲಿಸಿದ ಆಲ್ಬಂ

ಕಳೆದ ಸಂಚಿಕೆಯಲ್ಲಿ ಒಬ್ಬ ಓದುಗರಿಗೆ ಉತ್ತರ ಕೊಡುವಾಗ ಒಂದು ಸಾಲು ಬರೆದಿದ್ದೆ. ಪಾಪ್ ಗಾಯಕರು ಶೈಲಿ ಬದಲಿಸುವುದು ಅಂದರೆ ಏನು ಅಂತ ತಿಳಿಯಬೇಕಾದರೆ ಮಡೋನಾ ಅವರ 1998ರ ಆಲ್ಬಂ ‘ರೇ ಆಫ್ ಲೈಟ್’ ಕೇಳಿ ಅಂತ. ಆ ಒಂದು ಸಾಲಿಗೆ ಇಷ್ಟು ಪತ್ರ ಬರುತ್ತವೆ ಅಂತ ಅಂದುಕೊಂಡಿರಲಿಲ್ಲ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ. ಹೊಸ ಓದುಗರಿಗೆ ಒಂದು ಮಾತು: ತೊಂಬತ್ತರ ದಶಕದಲ್ಲಿ ನಾನು ಬೆಂಗಳೂರಿನ ಸ್ಟುಡಿಯೋಗಳಲ್ಲಿ ಕೀಬೋರ್ಡ್ ಪ್ರೋಗ್ರಾಮಿಂಗ್ ಮಾಡುತ್ತಿದ್ದೆ. ಜಾಹೀರಾತಿನ ಜಿಂಗಲ್, ಭಾವಗೀತೆ ಕ್ಯಾಸೆಟ್, ದೇವರನಾಮ, ಎಲ್ಲವೂ. ಯಾವ ಹಾಡು ಕೇಳಿದರೂ ‘ಇದನ್ನು ಹೇಗೆ ಮಾಡಿರಬಹುದು’ ಅನ್ನುವುದೇ ನನ್ನ ಮೊದಲ ಪ್ರಶ್ನೆ. ಉತ್ತರಗಳಲ್ಲಿ ಆ ವಾಸನೆ ಇದ್ದೇ ಇರುತ್ತದೆ.

ಪ್ರಶ್ನೆ: ಪಾಪ್ ಗಾಯಕರು ಎರಡು ವರ್ಷಕ್ಕೊಮ್ಮೆ ಶೈಲಿ ಬದಲಿಸುತ್ತಲೇ ಇರುತ್ತಾರೆ. ಹೊಸ ಹೇರ್‌ಸ್ಟೈಲ್, ಹೊಸ ಬಟ್ಟೆ, ಹೊಸ ಬೀಟ್. ಮಡೋನಾ ಅಂತೂ ಅದಕ್ಕೇ ಹೆಸರಾದವರು. ಈ ಆಲ್ಬಂನಲ್ಲಿ ಅಂಥ ವಿಶೇಷ ಏನಿದೆ? (ದಾವಣಗೆರೆಯ ಕಾಲೇಜು ವಿದ್ಯಾರ್ಥಿ)

ನಿಮ್ಮ ಅನುಮಾನ ಸರಿಯಾದದ್ದೇ. ಅದಕ್ಕೇ ಈ ಆಲ್ಬಂ ಹೆಸರು ಹೇಳಿದ್ದು. ಇಲ್ಲಿ ಬದಲಾದದ್ದು ಬಟ್ಟೆ ಮಾತ್ರ ಅಲ್ಲ. ಮೊದಲು ಕಂಠ ಬದಲಾಯಿತು. ಆಮೇಲೆ ಸಂಗೀತ ಬದಲಾಯಿತು. ಈ ಕ್ರಮ ಮುಖ್ಯ.

ಹಿಂದಿನ ಕತೆ ಸ್ವಲ್ಪ ಹೇಳುತ್ತೇನೆ. ಎಂಬತ್ತರ ದಶಕದ ಮಡೋನಾ ಹಾಡುಗಳನ್ನು ಕೇಳಿ ನೋಡಿ. ಧ್ವನಿ ಚುರುಕು, ಸ್ವಲ್ಪ ತೆಳು, ಮೂಗಿನ ಹತ್ತಿರದ್ದು. ತಾಳದ ಮೇಲೆ ಸರಿಯಾಗಿ ಕೂರುತ್ತದೆ, ಆದರೆ ಆಳಕ್ಕೆ ಇಳಿಯುವುದಿಲ್ಲ. 1992ರ ‘ಎರೋಟಿಕಾ’ ಆಲ್ಬಂ ಹೊತ್ತಿಗೆ ಆಕೆಯ ಹಾಡಿಗಿಂತ ಆಕೆಯ ಬಗೆಗಿನ ಗಲಾಟೆಯೇ ಜಾಸ್ತಿಯಾಗಿತ್ತು. 1994ರಲ್ಲಿ ‘ಬೆಡ್‌ಟೈಮ್ ಸ್ಟೋರೀಸ್’ ಬಂತು. ಅಮೆರಿಕದ ಆರ್ ಆ್ಯಂಡ್ ಬಿ (ರಿದಮ್ ಆ್ಯಂಡ್ ಬ್ಲೂಸ್) ಶೈಲಿಯ ಮೆತ್ತನೆಯ ಹಾಡುಗಳು. ಅದರಲ್ಲಿನ ‘ಟೇಕ್ ಎ ಬೌ’ ಅಮೆರಿಕದಲ್ಲಿ 7 ವಾರ ಮೊದಲ ಸ್ಥಾನದಲ್ಲಿತ್ತು. ಅಂದರೆ ಗೆಲ್ಲುವ ದಾರಿ ಕಣ್ಣೆದುರಿಗೇ ಇತ್ತು. ಅದೇ ದಾರಿಯಲ್ಲಿ ಹೋಗಬಹುದಿತ್ತು.

ಆ ನಡುವೆ ‘ಎವಿಟಾ’ ಸಿನಿಮಾ ಬಂತು. ಅರ್ಜೆಂಟೀನಾದ ಅಧ್ಯಕ್ಷರ ಪತ್ನಿ ಎವಾ ಪೆರೋನ್ ಅವರ ಕತೆ, ಆ ಪಾತ್ರ ಮಾಡಿ ಹಾಡಿದ್ದು ಮಡೋನಾ. ಇಡೀ ಸಿನಿಮಾ ಹಾಡಿನಲ್ಲೇ ನಡೆಯುತ್ತದೆ, ಮಾತು ತೀರಾ ಕಡಿಮೆ. ರಂಗಭೂಮಿಯ ಗಾಯಕಿಯರು ಹಾಡುತ್ತಿದ್ದ ಸಂಗೀತ ಅದು. ಸುಮ್ನೆ ಮೈಕ್ ಮುಂದೆ ಪಿಸುಗುಟ್ಟಿ ದಾಟಿಸಲು ಆಗುವುದಿಲ್ಲ. ಮಡೋನಾ ಆಗಲೇ ಜಗತ್ತಿನ ಅತಿ ದೊಡ್ಡ ಪಾಪ್ ಗಾಯಕಿ. ಆದರೂ ಜೋನ್ ಲೇಡರ್ ಎಂಬ ಶಿಕ್ಷಕಿಯ ಹತ್ತಿರ ಹೋಗಿ ಧ್ವನಿ ಪಾಠ ಶುರು ಮಾಡಿದರು. ಹೊಟ್ಟೆಯಿಂದ ಉಸಿರು ತಂದು ಹಾಡುವುದು, ಒಂದು ಸ್ವರವನ್ನು ಅಲುಗದಂತೆ ಹಿಡಿಯುವುದು, ತಾರಕ್ಕೆ ಹೋದಾಗ ಗಂಟಲು ಬಿಗಿಯದಿರುವುದು. ಆಗ ಆಕೆಗೆ 37 ವರ್ಷ. ಆ ವಯಸ್ಸಲ್ಲಿ, ಆ ಹೆಸರು ಇಟ್ಟುಕೊಂಡು, ಮತ್ತೆ ಪಾಠಕ್ಕೆ ಕೂರುವುದು ಅಷ್ಟು ಸುಲಭ ಅಲ್ಲ. ಈ ಒಂದು ಕಾರಣಕ್ಕೇ ನನಗೆ ಆಕೆಯ ಮೇಲೆ ಗೌರವ.

1996ರ ಅಕ್ಟೋಬರ್‌ನಲ್ಲಿ ಮಗಳು ಲೂರ್ಡೆಸ್ ಹುಟ್ಟಿದಳು. ಆ ವರ್ಷಗಳಲ್ಲೇ ಯೋಗ, ಯಹೂದಿ ಪರಂಪರೆಯ ಕಬಾಲಾ, ಭಾರತದ ತತ್ವ, ಇವೆಲ್ಲದರ ಕಡೆಗೆ ಆಕೆಯ ಗಮನ ಹರಿಯಿತು. 1997ರ ನಡುವಿನಲ್ಲಿ ಮತ್ತೆ ಸ್ಟುಡಿಯೋಗೆ ಬಂದಾಗ ಹೊಸ ಕಂಠ ಇತ್ತು, ಹೇಳಲು ಹೊಸ ವಿಷಯವೂ ಇತ್ತು. ಹಳೆಯ ಸಂಗೀತ ಮಾತ್ರ ಅದಕ್ಕೆ ಸಾಲುತ್ತಿರಲಿಲ್ಲ. ಅದಕ್ಕೇ ಸಂಗೀತ ಬದಲಾಯಿತು. ನೀವು ಹೇಳುವ ‘ಹೊಸ ಬೀಟ್’ ಬದಲಾವಣೆಯಲ್ಲಿ ಇದು ತಲೆಕೆಳಗಾಗಿರುತ್ತದೆ. ಮೊದಲು ಮಾರುಕಟ್ಟೆಯ ಸದ್ದು ನೋಡಿಕೊಳ್ಳುತ್ತಾರೆ, ಆಮೇಲೆ ಅದರಲ್ಲಿ ಏನು ಹಾಡುವುದು ಅಂತ ಹುಡುಕುತ್ತಾರೆ.

ಪ್ರಶ್ನೆ: ಆಲ್ಬಂ ಕೇಳಿದೆ, ಚೆನ್ನಾಗಿದೆ. ಆದರೆ ಅದರ ಸದ್ದೆಲ್ಲ ವಿಲಿಯಂ ಆರ್ಬಿಟ್ ಅವರದ್ದು ಅಂತ ಓದಿದೆ. ಹಾಗಿದ್ದರೆ ಇದು ಮಡೋನಾ ಆಲ್ಬಂ ಹೇಗಾಗುತ್ತದೆ? ಬದಲಾವಣೆ ಮಾಡಿದ್ದು ಗಾಯಕಿಯೋ, ಕಂಪ್ಯೂಟರ್ ಮುಂದೆ ಕೂತ ಪ್ರೊಡ್ಯೂಸರೋ? (ಹುಬ್ಬಳ್ಳಿಯ ಓದುಗರು)

ಈ ಪ್ರಶ್ನೆಗೆ ಕಾಯುತ್ತಿದ್ದೆ. ಪ್ರೊಡ್ಯೂಸರ್ ಅಂದರೆ ಇಲ್ಲಿ ಹಣ ಹಾಕುವವರಲ್ಲ, ಹಾಡಿನ ಸದ್ದನ್ನು ಕಟ್ಟುವವರು. ಕಂಪ್ಯೂಟರ್ ಮುಂದೆ ಕೂತು ಕೆಲಸ ಮಾಡಿದವಳು ನಾನು, ಆ ಕೆಲಸ ಎಷ್ಟು ದೊಡ್ಡದು ಅಂತ ಗೊತ್ತು. ಅದರ ಮಿತಿಯೂ ಗೊತ್ತು. ಸ್ವಲ್ಪ ಉದ್ದವಾಗಿ ಉತ್ತರಿಸುತ್ತೇನೆ.

ಮೊದಲು ಮಡೋನಾ ಕೆಲಸ ಶುರು ಮಾಡಿದ್ದು ಬೇಬಿಫೇಸ್ ಜೊತೆ. ‘ಟೇಕ್ ಎ ಬೌ’ ಮಾಡಿದ ಅದೇ ಅಮೆರಿಕದ ಸಂಗೀತಗಾರ. ಇಬ್ಬರೂ ಸೇರಿ ಕೆಲವು ಹಾಡು ಬರೆದರು. ಅವು ಹಳೆಯ ಗೆಲುವಿನ ಥರವೇ ಕೇಳಿಸಿದವು. ಮಡೋನಾ ಅವನ್ನು ಪಕ್ಕಕ್ಕಿಟ್ಟರು. ಆಮೇಲೆ ಪ್ಯಾಟ್ರಿಕ್ ಲೆನರ್ಡ್ ಜೊತೆ ಕೂತರು. ಇವರು ಎಂಬತ್ತರ ದಶಕದ ಹಳೆಯ ಜೊತೆಗಾರ, 1989ರ ‘ಲೈಕ್ ಎ ಪ್ರೇಯರ್’ ಹಿಂದೆ ಇದ್ದವರು. ರಿಕ್ ನೋವೆಲ್ಸ್ ಜೊತೆಗೂ ಹಾಡು ಬರೆದರು. ಒಳ್ಳೆಯ ರಾಗಗಳು ಹುಟ್ಟಿದವು. ಸದ್ದು ಮಾತ್ರ ಇನ್ನೂ ಸಿಕ್ಕಿರಲಿಲ್ಲ.

ಆಗ ಆಕೆಯ ಕಂಪನಿ ಮಾವೆರಿಕ್‌ನ ಗೈ ಓಸಿಯರಿ, ಇಂಗ್ಲೆಂಡಿನ ವಿಲಿಯಂ ಆರ್ಬಿಟ್ ಅವರಿಗೆ ಫೋನ್ ಮಾಡಿದರು. ಆರ್ಬಿಟ್ ಹಿಂದೆ ಮಡೋನಾ ಹಾಡುಗಳ ರೀಮಿಕ್ಸ್ ಮಾಡಿದ್ದವರು. ಅವರು ಒಂದು ಡ್ಯಾಟ್ ಟೇಪ್ ಕಳಿಸಿದರು, 13 ಟ್ರ್ಯಾಕ್ ತುಂಬಿ. ಡ್ಯಾಟ್ ಅಂದರೆ ಡಿಜಿಟಲ್ ಆಡಿಯೋ ಟೇಪ್. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಪುಟ್ಟ ಕ್ಯಾಸೆಟ್. ನಮ್ಮ ಸ್ಟುಡಿಯೋಗಳಲ್ಲೂ ಆಗ ಮಾಸ್ಟರ್, ಅಂದರೆ ಹಾಡಿನ ಅಂತಿಮ ಪ್ರತಿ, ಹೋಗುತ್ತಿದ್ದದ್ದು ಅದರಲ್ಲೇ. ಆ ಟೇಪ್ ಕೇಳಿದ ಮೇಲೆ ಮಡೋನಾ ಆರ್ಬಿಟ್ ಅವರನ್ನು ಲಾಸ್ ಏಂಜಲೀಸ್‌ಗೆ ಕರೆಸಿದರು.

ರೆಕಾರ್ಡಿಂಗ್ ನಡೆದದ್ದು ನಾರ್ತ್ ಹಾಲಿವುಡ್‌ನ ಲ್ಯಾರಬೀ ನಾರ್ತ್ ಸ್ಟುಡಿಯೋದಲ್ಲಿ. ಸುಮಾರು ನಾಲ್ಕು ತಿಂಗಳ ಕೆಲಸ. ಅಲ್ಲಿಯವರೆಗೆ ಮಡೋನಾ ಯಾವ ಆಲ್ಬಂಗೂ ಅಷ್ಟು ಸಮಯ ಕೊಟ್ಟಿರಲಿಲ್ಲ. ವಾದ್ಯಗಾರರ ತಂಡ ಇಟ್ಟುಕೊಂಡು ನುಡಿಸುವ ಪದ್ಧತಿ ಇಲ್ಲಿ ಹೆಚ್ಚಾಗಿ ಇರಲಿಲ್ಲ. ಆರ್ಬಿಟ್ ಹಳೆಯ ಅನಲಾಗ್ ಸಿಂತ್‌ಗಳು (ವಿದ್ಯುತ್‌ನಿಂದ ಸದ್ದು ಹುಟ್ಟಿಸುವ ವಾದ್ಯಗಳು), ಸ್ಯಾಂಪಲ್‌ಗಳು (ರೆಕಾರ್ಡ್ ಮಾಡಿಟ್ಟ ಸದ್ದಿನ ಚೂರುಗಳು), ತಾವೇ ನುಡಿಸಿದ ಗಿಟಾರ್ ತುಣುಕುಗಳು, ಇವನ್ನೆಲ್ಲ ಕತ್ತರಿಸಿ ಜೋಡಿಸುತ್ತಿದ್ದರು. ಯಂತ್ರಗಳು ಕೈಕೊಡುತ್ತಿದ್ದವು. ರಿಪೇರಿ ಆಗುವವರೆಗೆ ಕೆಲಸ ನಿಲ್ಲುತ್ತಿತ್ತು. ಆ ಕಾಲದಲ್ಲಿ ಸ್ಟುಡಿಯೋದಲ್ಲಿ ಕೂತಿದ್ದ ಯಾರಿಗಾದರೂ ಈ ಮಾತು ಹೊಟ್ಟೆಗೆ ತಾಗುತ್ತದೆ. ಕಂಪ್ಯೂಟರ್ ಸತ್ತರೆ ಅಂದಿನ ಟೇಕ್ ಕೂಡ ಹೋದಂತೆ, ಹಾಡುವವರ ಮೂಡೂ ಹೋದಂತೆ.

ಈಗ ಆ ಸದ್ದು ಏನು ಅಂತ ಹೇಳುತ್ತೇನೆ. ಹೆಡ್‌ಫೋನ್ ಹಾಕಿಕೊಂಡು ಮೊದಲ ಹಾಡು ‘ಡ್ರೌನ್ಡ್ ವರ್ಲ್ಡ್’ ಕೇಳಿ. ಸಿಂತ್ ಸ್ವರ ಮೊದಲು ಮಂಕಾಗಿ ಬರುತ್ತದೆ. ಆಮೇಲೆ ನಿಧಾನಕ್ಕೆ ತೆರೆದುಕೊಂಡು ಹೊಳಪಾಗುತ್ತದೆ. ಅದೇ ಫಿಲ್ಟರ್ ಕೆಲಸ. ಸದ್ದಿನ ಮೇಲ್ಭಾಗದ ಕಂಪನಗಳನ್ನು ಮೊದಲು ತಡೆದು, ನಾಬ್ ತಿರುಗಿಸುತ್ತಾ ಬಿಟ್ಟುಕೊಡುವುದು. ನಾವು ಕೀಬೋರ್ಡ್‌ನಲ್ಲಿ ಒಂದು ಸ್ಟ್ರಿಂಗ್ಸ್ ಸದ್ದು ಆರಿಸಿ ಹಾಡು ಮುಗಿಯುವವರೆಗೆ ಹಾಗೇ ಒತ್ತಿ ಹಿಡಿಯುತ್ತಿದ್ದೆವು. ಆರ್ಬಿಟ್ ಅವರ ಹಾಡುಗಳಲ್ಲಿ ಒಂದು ಸದ್ದೂ ಎರಡು ಕ್ಷಣ ಒಂದೇ ಥರ ನಿಲ್ಲುವುದಿಲ್ಲ. ಏನೋ ಗುಳುಗುಳು, ಏನೋ ಚಿಲಿಪಿಲಿ, ಹಿಂದೆ ಒಂದು ತಂತಿ ಮಿಡಿತ. ಬೀಟ್ ಮಾತ್ರ ಯಂತ್ರದ್ದು, ಬಿಗಿ. ಅದರ ಸುತ್ತ ಎಲ್ಲವೂ ಉಸಿರಾಡುತ್ತದೆ.

ಹಾಗಿದ್ದರೆ ಶ್ರೇಯಸ್ಸು ಆರ್ಬಿಟ್ ಅವರಿಗೇ ಅಲ್ವಾ? ಅರ್ಧ ಹೌದು. ಆದರೆ ನೋಡಿ, ‘ಫ್ರೋಜನ್’ ಹಾಡಿನ ರಾಗ ಹುಟ್ಟಿದ್ದು ಪ್ಯಾಟ್ರಿಕ್ ಲೆನರ್ಡ್ ಜೊತೆ. ಅದರ ವಯಲಿನ್ ಸಮೂಹಕ್ಕೆ ಸ್ವರ ಬರೆದದ್ದು ಕ್ರೇಗ್ ಆರ್ಮ್‌ಸ್ಟ್ರಾಂಗ್. ‘ದ ಪವರ್ ಆಫ್ ಗುಡ್‌ಬೈ’ ನೋವೆಲ್ಸ್ ಜೊತೆ ಬರೆದದ್ದು. ಕೆಲವು ಹಾಡುಗಳಲ್ಲಿ ಮಾರಿಯಸ್ ಡಿ ವ್ರೀಸ್ ಕೈಯೂ ಇದೆ. ಇಷ್ಟೊಂದು ಜನರ ಕೆಲಸವನ್ನು ಒಂದೇ ಆಲ್ಬಂ ಅನ್ನಿಸುವ ಹಾಗೆ ಮಾಡಿದ್ದು ಯಾರು? ಬೇಬಿಫೇಸ್ ಹಾಡುಗಳನ್ನು ಬೇಡ ಅಂದವರು, ಆ ಟೇಪ್ ಕೇಳಿ ‘ಇದು’ ಅಂದವರು, ಬಹುಪಾಲು ಹಾಡುಗಳಿಗೆ ಮಾತು ಬರೆದು 13 ಹಾಡನ್ನೂ ಹಾಡಿದವರು. ಆಯ್ಕೆ ಮಾಡುವುದೂ ಸಂಗೀತದ ಕೆಲಸವೇ. ಗೆದ್ದ ಸೂತ್ರವನ್ನು ಕೈಯಾರೆ ಬದಿಗಿಡುವುದು ಎಲ್ಲಕ್ಕಿಂತ ಕಷ್ಟದ ಆಯ್ಕೆ.

ಇನ್ನೊಂದು ಮಾತು. 1997ರಲ್ಲಿ ಡೇವಿಡ್ ಬೋವಿ ‘ಅರ್ಥ್‌ಲಿಂಗ್’ ಮಾಡಿದರು, ಯು2 ತಂಡ ‘ಪಾಪ್’ ಅನ್ನುವ ಆಲ್ಬಂ ಮಾಡಿತು. ಇಬ್ಬರೂ ರಾಕ್ ಕಡೆಯಿಂದ ಈ ಎಲೆಕ್ಟ್ರಾನಿಕ್ ಸದ್ದಿಗೆ ಕೈಚಾಚಿದ್ದರು. ನನಗೆ ಎರಡೂ ಇಷ್ಟ, ಆದರೆ ಅವುಗಳಲ್ಲಿ ನೆಂಟರ ಮನೆಗೆ ಬಂದವರ ಸಂಕೋಚ ಇದೆ. ಮಡೋನಾಗೆ ಆ ಸಂಕೋಚ ಇಲ್ಲ. ಯಾಕೆಂದರೆ ಆಕೆ ಬೆಳೆದದ್ದೇ ಡಾನ್ಸ್ ಕ್ಲಬ್‌ನಲ್ಲಿ. ಎಂಬತ್ತರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ಡ್ಯಾನ್ಸಿಟೀರಿಯಾ ಕ್ಲಬ್‌ನ ಡಿ.ಜೆ. ಮಾರ್ಕ್ ಕ್ಯಾಮಿನ್ಸ್ ಕೈಗೆ ತನ್ನ ಡೆಮೋ ಟೇಪ್ ಕೊಟ್ಟೇ ಆಕೆ ಹಾಡುಗಾರಿಕೆಗೆ ಬಂದದ್ದು. ಯಂತ್ರದ ತಾಳ ಆಕೆಗೆ ಹೊಸದಲ್ಲ. ಆ ತಾಳದ ಮೇಲೆ ತಾಯಿ, ಸಾವು, ದೇವರು ಅಂತ ಹಾಡುವುದು ಹೊಸದು.

ಪ್ರಶ್ನೆ: ಶೀರ್ಷಿಕೆ ಗೀತೆ ಕದ್ದದ್ದು ಅಂತ ಗೆಳೆಯನೊಬ್ಬ ವಾದ ಮಾಡುತ್ತಿದ್ದಾನೆ. ನಿಜವೇ? (ತುಮಕೂರು)

ಕದ್ದದ್ದಲ್ಲ. ಹಳೆಯ ಹಾಡಿನ ಮೇಲೆ ಕಟ್ಟಿದ್ದು, ಅದನ್ನು ಬಹಿರಂಗವಾಗಿ ಹೇಳಿಯೇ. ಇಂಗ್ಲೆಂಡಿನ ‘ಕರ್ಟಿಸ್ ಮಾಲ್ಡೂನ್’ ಎಂಬ ಜೋಡಿ 1971ರಲ್ಲಿ ‘ಸೆಫರಿನ್’ ಅಂತ ಒಂದು ಜಾನಪದ ಧಾಟಿಯ ಹಾಡು ಮಾಡಿತ್ತು. ಕ್ಲೈವ್ ಮಾಲ್ಡೂನ್ ಅವರ ಸಂಬಂಧಿ ಕ್ರಿಸ್ಟೀನ್ ಲೀಚ್, ಆರ್ಬಿಟ್ ಮಾಡಿದ ಒಂದು ಟ್ರ್ಯಾಕ್ ಮೇಲೆ ಆ ಹಾಡಿನ ಸಾಲುಗಳನ್ನು ಹಾಡಿದರು. ಅದು ಮಡೋನಾ ಕಿವಿಗೆ ಬಿತ್ತು. ಆಕೆ ಮಾತುಗಳನ್ನು ಸ್ವಲ್ಪ ಬದಲಿಸಿದರು. ಹಾಡಿನ ರಚನೆಕಾರರ ಪಟ್ಟಿಯಲ್ಲಿ ಮಾಲ್ಡೂನ್, ಕರ್ಟಿಸ್, ಲೀಚ್ ಮೂವರ ಹೆಸರೂ ಇದೆ.

ಈ ಹಾಡಿನಲ್ಲಿ ನಿಮ್ಮ ಗೆಳೆಯರಿಗೆ ಕೇಳಿಸಬೇಕಾದ ಸಂಗತಿ ಬೇರೆ ಇದೆ. ಆಕೆಗೆ ಆರಾಮಾದ ಶ್ರುತಿಗಿಂತ ಅರ್ಧ ಸ್ವರ ಮೇಲಕ್ಕೆ ಆರ್ಬಿಟ್ ಹಾಡನ್ನು ಇಟ್ಟರು. ಮೇಲಿನ ಸ್ವರ ತಲುಪುವಾಗ ಧ್ವನಿಯಲ್ಲಿ ಒಂದು ಎಳೆತ, ಒಂದು ಅಪಾಯ ಕೇಳಿಸುತ್ತದಲ್ಲ, ಅದು ಅಲ್ಲಿಂದ ಬಂದದ್ದು. ಹಾಡುವವರ ಅನುಕೂಲಕ್ಕೆ ಶ್ರುತಿ ಇಳಿಸುವುದನ್ನೇ ನಾವೆಲ್ಲ ಕಲಿತಿದ್ದೆವು. ಬೇಕಂತಲೇ ಏರಿಸಿ, ಅದು ಹಾಡಿಗೆ ಒದಗುವ ಹಾಗೆ ಮಾಡುವುದಕ್ಕೆ ಧೈರ್ಯ ಬೇಕು. ಹಾಡುವವರಿಗೂ ಆ ತಯಾರಿ ಇರಬೇಕು. ‘ಎವಿಟಾ’ ಪಾಠ ಇಲ್ಲದಿದ್ದರೆ ಆ ಜಾಗದಲ್ಲಿ ಧ್ವನಿ ಒಡೆಯುತ್ತಿತ್ತು ಅನ್ನುವುದು ನನ್ನ ನಂಬಿಕೆ.

ಪ್ರಶ್ನೆ: ನಾನು ಯೋಗ ಶಿಕ್ಷಕ. ನಾವು ದಿನಾ ಬೆಳಿಗ್ಗೆ ಅಭ್ಯಾಸಕ್ಕೆ ಮುಂಚೆ ಹೇಳುವ ಶ್ಲೋಕ ಈ ಆಲ್ಬಂನಲ್ಲಿ ಇದೆ ಅಂತ ವಿದೇಶಿ ವಿದ್ಯಾರ್ಥಿಯೊಬ್ಬರು ಹೇಳಿದರು. ಕೇಳಿದೆ, ಹೌದು! ಇದು ಅಲ್ಲಿಗೆ ಹೇಗೆ ಹೋಯಿತು? ಆಕೆಯ ಉಚ್ಚಾರಣೆ ಬಗ್ಗೆ ನಿಮಗೇನನ್ನಿಸುತ್ತದೆ? (ಮೈಸೂರು)

ಹೋದದ್ದು ನಿಮ್ಮ ಊರಿನಿಂದಲೇ ಸರ್.

ಎಂಟನೆಯ ಹಾಡು, ‘ಶಾಂತಿ/ಅಷ್ಟಾಂಗಿ’. ‘ವಂದೇ ಗುರೂಣಾಂ ಚರಣಾರವಿಂದೇ’ ಎಂದು ಶುರುವಾಗುವ ಶ್ಲೋಕ ‘ಯೋಗತಾರಾವಳಿ’ಯದ್ದು. ಅದು ಶಂಕರಾಚಾರ್ಯರ ಕೃತಿ ಎಂದು ಪರಂಪರೆ ಹೇಳುತ್ತದೆ. ಆಮೇಲೆ ಬರುವುದು ಪತಂಜಲಿಯ ಸ್ತುತಿ, ಶಂಖ ಚಕ್ರ ಖಡ್ಗ ಹಿಡಿದ, ಸಾವಿರ ತಲೆಯ ಬಿಳಿಯ ರೂಪದ ವರ್ಣನೆ. ಈ ಎರಡನ್ನೂ ಸೇರಿಸಿ ಅಭ್ಯಾಸಕ್ಕೆ ಮುಂಚೆ ಹೇಳುವುದು ಮೈಸೂರಿನ ಅಷ್ಟಾಂಗ ಯೋಗದ ಪದ್ಧತಿ. ಅಂದರೆ ಕೆ. ಪಟ್ಟಾಭಿ ಜೋಯಿಸರು ಕಲಿಸಿದ ಪದ್ಧತಿ. ಹಾಸನದ ಹತ್ತಿರದ ಕೌಶಿಕದಲ್ಲಿ 1915ರಲ್ಲಿ ಹುಟ್ಟಿದವರು ಅವರು. ಯೋಗಗುರು ಟಿ. ಕೃಷ್ಣಮಾಚಾರ್ಯರ ಪ್ರಾತ್ಯಕ್ಷಿಕೆಯನ್ನು ಹುಡುಗನಾಗಿದ್ದಾಗ ಹಾಸನದಲ್ಲಿ ನೋಡಿ ಶಿಷ್ಯರಾದರು. ಮೈಸೂರಿಗೆ ಬಂದು ಸಂಸ್ಕೃತ ಪಾಠಶಾಲೆಯಲ್ಲಿ ಓದಿದರು, ಅಲ್ಲೇ ಯೋಗ ಕಲಿಸಿದರು. ಲಕ್ಷ್ಮೀಪುರಂನ ಮನೆಯಲ್ಲಿ ಅವರ ಶಾಲೆ ನಡೆಯುತ್ತಿತ್ತು. ಅವರ ‘ಯೋಗಮಾಲಾ’ ಪುಸ್ತಕ ಮೊದಲು ಬಂದದ್ದು ಕನ್ನಡದಲ್ಲಿ, 1962ರಲ್ಲಿ. ಎಪ್ಪತ್ತರ ದಶಕದಿಂದ ವಿದೇಶಿ ಶಿಷ್ಯರು ಹೆಚ್ಚಾಗಿ ಬರತೊಡಗಿದರು. ಅವರು ಊರಿಗೆ ಮರಳಿ ಕಲಿಸತೊಡಗಿದರು. ಹಾಗೆ ಕಲಿತವರಲ್ಲಿ ಒಬ್ಬರು ನ್ಯೂಯಾರ್ಕಿನ ಎಡ್ಡಿ ಸ್ಟರ್ನ್. ಮಡೋನಾ ಯೋಗ ಕಲಿತದ್ದು ಈ ಸ್ಟರ್ನ್ ಹತ್ತಿರ. ಆಲ್ಬಂನ ಈ ಹಾಡಿನ ಪಠ್ಯದ ಜೊತೆ ಸ್ಟರ್ನ್ ಹೆಸರೂ ಅಮೆರಿಕದ ಸಂಸ್ಕೃತ ಶಿಕ್ಷಕ ವ್ಯಾಸ್ ಹ್ಯೂಸ್ಟನ್ ಹೆಸರೂ ಇದೆ.

ಹಾಗಾಗಿ ಇದು ಎಲ್ಲೋ ಪುಸ್ತಕದಲ್ಲಿ ಸಿಕ್ಕಿದ ಸಂಸ್ಕೃತ ಅಲ್ಲ. ಚಾಪೆಯ ಮೇಲೆ ನಿಂತು ಕೈಮುಗಿದು ಬಾಯಿಪಾಠ ಮಾಡಿದ ಸಂಸ್ಕೃತ. ಅದು ಹಾಡಿನಲ್ಲಿ ಗೊತ್ತಾಗುತ್ತದೆ. ಪದಗಳನ್ನು ಎಲ್ಲಿ ಒಡೆಯಬೇಕು, ಉಸಿರು ಎಲ್ಲಿ ತೆಗೆಯಬೇಕು ಅನ್ನುವುದು ಬಹುಪಾಲು ಸರಿಯಾಗಿದೆ. ಉಚ್ಚಾರಣೆಯಲ್ಲಿ ತೊಡಕು ಇದೆ. ಮಹಾಪ್ರಾಣ ಸಡಿಲ, ‘ಣ’ ಮೆತ್ತಗಾಗಿ ‘ನ’ ಆಗುತ್ತದೆ, ದೀರ್ಘಗಳು ಕೆಲವು ಕಡೆ ಕುಗ್ಗುತ್ತವೆ. ನಿಮ್ಮ ಕಿವಿಗೆ ಇದು ಚುಚ್ಚುತ್ತದೆ, ನನಗೂ ಚುಚ್ಚುತ್ತದೆ. ಆದರೂ ಈ ಹಾಡನ್ನು ನಾನು ಮೆಚ್ಚುತ್ತೇನೆ. ಪಾಶ್ಚಾತ್ಯ ಪಾಪ್‌ನಲ್ಲಿ ಭಾರತ ಅಂದರೆ ಹೆಚ್ಚಾಗಿ ಒಂದು ಸಿತಾರ್ ಝೇಂಕಾರ, ಎರಡು ತಬಲಾ ಪೆಟ್ಟು, ಮುಗೀತು. ಇಲ್ಲಿ ಗಾಯಕಿ ಪೂರ್ತಿ ಹಾಡನ್ನು ಸಂಸ್ಕೃತದಲ್ಲೇ ಹಾಡುತ್ತಾರೆ. ಕೇಳುಗರಿಗೆ ಅರ್ಥವಾಗಲಿ ಅಂತ ಒಂದು ಇಂಗ್ಲಿಷ್ ಸಾಲೂ ಸೇರಿಸಿಲ್ಲ. ಕಷ್ಟವಾದ ಸಮಾಸಗಳನ್ನು ಬಿಟ್ಟಿಲ್ಲ. ‘ಸಂಸಾರಹಾಲಾಹಲಮೋಹಶಾಂತ್ಯೈ’ ಅನ್ನುವುದನ್ನು ನಾಲ್ಕೂ ಕಡೆ ಬೀಟ್ ಬಡಿಯುತ್ತಿರುವಾಗ ತಾಳ ತಪ್ಪದೆ ಹೇಳಿ ನೋಡಿ, ಗೊತ್ತಾಗುತ್ತದೆ.

ವೇದಿಕೆಯ ವಿಷಯ ಬೇರೆ. 1998ರ ಸೆಪ್ಟೆಂಬರ್‌ನಲ್ಲಿ ಎಂಟಿವಿ ವಿಡಿಯೋ ಪ್ರಶಸ್ತಿ ಸಮಾರಂಭದಲ್ಲಿ ಆಕೆ ಈ ಶ್ಲೋಕ ಹಾಡಿ, ಹಾಗೇ ‘ರೇ ಆಫ್ ಲೈಟ್’ಗೆ ಹೋದರು. ಗಿಟಾರ್‌ನಲ್ಲಿ ಲೆನಿ ಕ್ರಾವಿಟ್ಜ್. ಹಣೆಯಲ್ಲಿ ವೈಷ್ಣವ ತಿಲಕ, ಮೈಮೇಲೆ ಪಾರದರ್ಶಕ ಬಟ್ಟೆ. ವರ್ಲ್ಡ್ ವೈಷ್ಣವ ಅಸೋಸಿಯೇಷನ್ ಇದನ್ನು ವಿರೋಧಿಸಿತು. ಅವರ ಬೇಸರ ನನಗೆ ಅರ್ಥವಾಗುತ್ತದೆ. ತಿಲಕ ಇಟ್ಟುಕೊಳ್ಳುವುದು ಒಂದು ದೀಕ್ಷೆಯ ಗುರುತು, ಅದನ್ನು ವೇಷಕ್ಕೆ ಬಳಸಿದರೆ ನೋವಾಗುವುದು ಸಹಜ. ಸ್ಟುಡಿಯೋದಲ್ಲಿ ತೋರಿದ ಶ್ರದ್ಧೆ ಆ ವೇದಿಕೆಯ ಮೇಲೆ ಇರಲಿಲ್ಲ ಅಂತಲೇ ನನಗೂ ಅನ್ನಿಸಿತು. ನಿಮ್ಮ ವಿದ್ಯಾರ್ಥಿಗಳಿಗೆ ಆಲ್ಬಂನ ಹಾಡನ್ನೇ ಕೇಳಿಸಿ.

ಪ್ರಶ್ನೆ: ಇಷ್ಟು ಒಳ್ಳೆಯ ಆಲ್ಬಂ ಆದರೆ ನಂಬರ್ ಒನ್ ಆಗಲಿಲ್ಲ ಯಾಕೆ? (ಬಳ್ಳಾರಿ)

‘ಟೈಟಾನಿಕ್’ ಕಾರಣ. 1998ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದಾಗ ಆ ಸಿನಿಮಾದ ಸಂಗೀತದ ಆಲ್ಬಂ ಮೊದಲ ಸ್ಥಾನ ಬಿಟ್ಟುಕೊಡಲಿಲ್ಲ. ಇದು ಎರಡನೆಯ ಸ್ಥಾನಕ್ಕೆ ಬಂತು. ‘ಫ್ರೋಜನ್’ ಹಾಡು ಅಮೆರಿಕದಲ್ಲಿ ಎರಡನೆಯದು, ಬ್ರಿಟನ್‌ನಲ್ಲಿ ಮೊದಲನೆಯದು. ಮರುವರ್ಷ 4 ಗ್ರ್ಯಾಮಿ ಬಂದವು, ಅತ್ಯುತ್ತಮ ಪಾಪ್ ಆಲ್ಬಂ ಸೇರಿ. ಅಷ್ಟು ವರ್ಷದ ಹಾಡುಗಾರಿಕೆಗೆ ಆಕೆಗೆ ಹಾಡಿನ ವಿಭಾಗದಲ್ಲಿ ಗ್ರ್ಯಾಮಿ ಸಿಕ್ಕಿದ್ದು ಆಗಲೇ.

ಪ್ರಶ್ನೆ: ಮಗಳಿಗೆ 15 ವರ್ಷ. ಆರು ವರ್ಷದಿಂದ ಕರ್ನಾಟಕ ಸಂಗೀತ ಕಲಿಯುತ್ತಿದ್ದಾಳೆ. ಈಗ ಇಂಗ್ಲಿಷ್ ಹಾಡು ಹಾಡಬೇಕು ಅನ್ನುತ್ತಾಳೆ. ಪಾಠ ಹೇಳುವ ಮೇಡಂ ಬೇಜಾರು ಮಾಡಿಕೊಂಡಿದ್ದಾರೆ, ಕಂಠ ಕೆಡುತ್ತದೆ ಅಂತ. ನಿಮ್ಮ ಆಲ್ಬಂ ವಿಷಯಕ್ಕೆ ಇದು ಸಂಬಂಧಿಸಿದ್ದಲ್ಲ, ಆದರೂ ಕೇಳುತ್ತಿದ್ದೇನೆ. (ಉಡುಪಿಯ ತಾಯಿ)

ಸಂಬಂಧ ಇದೆ ಅಮ್ಮ, ಖಂಡಿತ ಇದೆ.

ಮೇಡಂ ಆತಂಕವನ್ನು ತಳ್ಳಿಹಾಕಬೇಡಿ. ನಮ್ಮ ಪದ್ಧತಿಯಲ್ಲಿ ಸ್ವರ ನಿಂತಲ್ಲಿ ನಿಲ್ಲುವುದಿಲ್ಲ. ಗಮಕದಲ್ಲಿ ತೂಗುತ್ತದೆ, ಪಕ್ಕದ ಸ್ವರವನ್ನು ಮುಟ್ಟಿ ಬರುತ್ತದೆ. ಪಾಶ್ಚಾತ್ಯ ಹಾಡಿನಲ್ಲಿ ಅದೇ ಸ್ವರ ಗೆರೆ ಎಳೆದ ಹಾಗೆ ನೇರ ಇರಬೇಕು. ಆರು ವರ್ಷ ತೂಗಲು ಕಲಿತ ಗಂಟಲಿಗೆ ಏಕಾಏಕಿ ನೇರ ನಿಲ್ಲು ಅಂದರೆ ಗೊಂದಲವಾಗುತ್ತದೆ. ಶ್ರುತಿಯೂ ಬೇರೆ. ನಮ್ಮಲ್ಲಿ ಹಾಡುವವರ ಶ್ರುತಿಗೆ ತಂಬೂರಿ ಇಟ್ಟುಕೊಳ್ಳುತ್ತೇವೆ. ಅಲ್ಲಿ ಕರಾಒಕೆ ಟ್ರ್ಯಾಕ್ ಯಾವ ಶ್ರುತಿಯಲ್ಲಿದೆಯೋ ಅದರಲ್ಲೇ ಹಾಡುತ್ತಾರೆ. ಮಕ್ಕಳು ಗಂಟಲು ನೋಯಿಸಿಕೊಳ್ಳುವುದು ಇಲ್ಲೇ. ಯಾರೋ ಗಾಯಕಿಯ ಎತ್ತರಕ್ಕೆ ಕಿರುಚಿ ಮುಟ್ಟಲು ಹೋಗುತ್ತಾರೆ. ಈಗ ಫೋನ್‌ನಲ್ಲೇ ಟ್ರ್ಯಾಕ್‌ನ ಶ್ರುತಿ ಇಳಿಸಬಹುದು. ಮೊದಲು ಅದನ್ನು ಮಾಡಿಕೊಡಿ. ಗಂಟಲು ನೋವು, ಧ್ವನಿ ಒಡಕು ಬಂದರೆ ಅವತ್ತಿಗೆ ಹಾಡು ನಿಲ್ಲಿಸಲಿ. (ಮೇಲೆ ಶ್ರುತಿ ಏರಿಸಿದ ಕತೆ ಹೇಳಿದೆ, ಅದು ಪಳಗಿದ ಕಂಠದ ವಿಷಯ. ಮಕ್ಕಳು ಅದನ್ನು ಮಾಡಬಾರದು.)

ಆಮೇಲೆ ಮಗಳಿಗೆ ‘ಫ್ರೋಜನ್’ ಹಾಕಿ ಕೇಳಿಸಿ. ಮಡೋನಾ ಅದರಲ್ಲಿ ಕಂಪನ ಇಲ್ಲದೆ, ಅಬ್ಬರ ಇಲ್ಲದೆ, ಮಧ್ಯಮ ಸ್ಥಾಯಿಯಲ್ಲಿ ಉದ್ದುದ್ದ ಸ್ವರ ಹಿಡಿಯುತ್ತಾರೆ. ಆ ಹಾಡಿನ ಕಷ್ಟ ಎತ್ತರದಲ್ಲಿ ಇಲ್ಲ, ಉಸಿರಿನಲ್ಲಿ ಇದೆ. ಬೆಳಗಿನ ಅಕಾರ ಸಾಧನೆಯಲ್ಲಿ ಮಗಳು ಕಲಿತದ್ದೂ ಅದೇ ಅಲ್ವಾ? ಒಂದು ಸ್ವರ ಹಿಡಿದು, ಉಸಿರು ಮುಗಿಯುವವರೆಗೆ ಶ್ರುತಿ ಬಿಡದಿರುವುದು. ಅದನ್ನು ಗಮಕ ಇಲ್ಲದೆ, ಇಂಗ್ಲಿಷ್ ಮಾತಿನ ಜೊತೆ ಮಾಡಲಿ. ಒಂದು ಹಾಡು ಹೀಗೆ ಪಳಗಿದ ಮೇಲೆ ಮೇಡಂ ಮುಂದೆ ಕೂತು ಹಾಡಲಿ. ಕದ್ದು ಹಾಡುವುದು ಬೇಡ. ಕಂಠ ಕೆಟ್ಟಿಲ್ಲ ಅನ್ನುವುದು ಅವರ ಕಿವಿಗೇ ಗೊತ್ತಾಗುತ್ತದೆ. ಪಾಠ ಬಿಡಿಸಬೇಡಿ, ದಯವಿಟ್ಟು. ಶೈಲಿ ಬದಲಿಸಲು ಬೇಕಾದ ಶಕ್ತಿ ಆಕೆಗೆ ಆ ಪಾಠದಿಂದಲೇ ಬರುತ್ತದೆ.

ಪ್ರಶ್ನೆ: ಕೊನೆಯ ಹಾಡು ‘ಮರ್ ಗರ್ಲ್’ ಕೇಳಿ ಭಯವಾಯಿತು. ನೃತ್ಯದ ಆಲ್ಬಂ ಹೀಗೆ ಮುಗಿಯುವುದು ಯಾಕೆ? (ಶಿವಮೊಗ್ಗದ ಓದುಗಿ)

ಭಯವಾಗಬೇಕಾದ ಹಾಡೇ ಅದು. ಮಡೋನಾ ಅವರ ತಾಯಿ 1963ರ ಡಿಸೆಂಬರ್‌ನಲ್ಲಿ ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡರು. ಆಗ ಮಗುವಿಗೆ 5 ವರ್ಷ. ತಾಯಿಯ ಹೆಸರೂ ಮಡೋನಾ ಎಂದೇ. ಈ ಹಾಡಿನಲ್ಲಿ ಒಬ್ಬಳು ಮನೆ ಬಿಟ್ಟು ಓಡುತ್ತಾಳೆ, ಓಡಿ ಓಡಿ ತಾಯಿಯ ಸಮಾಧಿಗೇ ಬಂದು ನಿಲ್ಲುತ್ತಾಳೆ, ನೆಲ ಅವಳನ್ನು ಒಳಗೆ ಎಳೆದುಕೊಳ್ಳುತ್ತದೆ. ತಾಳ ಇಲ್ಲ. ರಾಗವೂ ಹೆಚ್ಚುಕಡಿಮೆ ಇಲ್ಲ, ಓದಿದ ಹಾಗೆ ಹಾಡುತ್ತಾರೆ. ಆರ್ಬಿಟ್ ಹಿಂದೆ ಬರೀ ಒಂದಿಷ್ಟು ಸದ್ದು ಇಟ್ಟು ಸುಮ್ಮನಿದ್ದಾರೆ.

ಇದಕ್ಕೂ ಮುಂಚಿನ ಹಾಡು ‘ಲಿಟಲ್ ಸ್ಟಾರ್’, ಹೊಸದಾಗಿ ಹುಟ್ಟಿದ ಮಗಳಿಗೆ ಹಾಡಿದ್ದು. ಅದರ ಬೆನ್ನಿಗೇ ತಾಯಿಯ ಸಾವು. ತಾನು ತಾಯಿಯಾದ ಮೇಲೆ ಕಳೆದುಕೊಂಡ ತಾಯಿಯ ನೆನಪು ಇನ್ನೂ ಹತ್ತಿರ ಬರುತ್ತದೆ ಅನ್ನುವುದು ಅನೇಕ ಹೆಂಗಸರಿಗೆ ಗೊತ್ತಿರುವ ಮಾತು. ನನಗೂ ಗೊತ್ತು. ನಾನು ಈ ಆಲ್ಬಂ ಅನ್ನು ಇಷ್ಟು ಹಚ್ಚಿಕೊಂಡದ್ದಕ್ಕೆ ಈ ಎರಡು ಹಾಡುಗಳ ಜೋಡಣೆ ದೊಡ್ಡ ಕಾರಣ. ಕೆಲವರು ಇವನ್ನು ಬಿಟ್ಟು ಹಿಟ್ ಹಾಡುಗಳನ್ನಷ್ಟೇ ಕೇಳುತ್ತಾರೆ. ಹಾಗೆ ಮಾಡಬೇಡಿ. ಹಾಡುಗಳನ್ನು ಹಿಂದೆಮುಂದೆ ಮಾಡದೆ, ಅವು ಇರುವ ಕ್ರಮದಲ್ಲೇ ಕೇಳಿ. ಮೊದಲ ಹಾಡಿನಲ್ಲಿ ಆಕೆ ಕೀರ್ತಿಗಾಗಿ ಪ್ರೀತಿಯನ್ನು ಬಿಟ್ಟುಕೊಟ್ಟೆ ಅನ್ನುತ್ತಾರೆ. ಅಲ್ಲಿಂದ ಕೊನೆಯ ಹಾಡಿನವರೆಗೆ ಒಂದೇ ಮಾತು ಮುಂದುವರಿಯುತ್ತದೆ.

ಪ್ರಶ್ನೆ: ಇದರ ಮುಂದಿನ ಆಲ್ಬಂ ಕೂಡ ಹೀಗೇ ಇದೆಯೇ? ಯಾವುದರಿಂದ ಶುರು ಮಾಡಲಿ? (ದುಬೈಯಿಂದ ಒಬ್ಬ ಕನ್ನಡಿಗರು)

ಇಲ್ಲ, ಹೀಗಿಲ್ಲ. 2000ದಲ್ಲಿ ಬಂದ ‘ಮ್ಯೂಸಿಕ್’ ಆಲ್ಬಂಗೆ ಆಕೆ ಫ್ರಾನ್ಸಿನ ಮಿರ್‌ವೈಸ್ ಎಂಬ ಪ್ರೊಡ್ಯೂಸರ್ ಜೊತೆ ಸೇರಿದರು. ಸದ್ದು ಒಣಗಿತು, ಚೂರಾಯಿತು, ಅಕೌಸ್ಟಿಕ್ ಗಿಟಾರ್ ಮುಂದೆ ಬಂತು. ಆರ್ಬಿಟ್ ಕೆಲವು ಹಾಡುಗಳಿಗೆ ಮಾತ್ರ ಉಳಿದರು. ‘ರೇ ಆಫ್ ಲೈಟ್’ ಇಷ್ಟು ಗೆದ್ದ ಮೇಲೆ ಎರಡನೆಯ ಭಾಗ ಮಾಡಬಹುದಿತ್ತು, ಮಾಡಲಿಲ್ಲ. ನೀವು ‘ಫ್ರೋಜನ್’ನಿಂದ ಶುರು ಮಾಡಿ. ಆಮೇಲೆ ಮೊದಲಿನಿಂದ ಕೊನೆಯವರೆಗೆ, ಫೋನಿನ ಸ್ಪೀಕರ್‌ನಲ್ಲಿ ಅಲ್ಲ, ಹೆಡ್‌ಫೋನ್‌ನಲ್ಲಿ. ಕೆಳಗಿನ ಬೇಸ್ ಸದ್ದು ಫೋನಿನಲ್ಲಿ ಬರುವುದೇ ಇಲ್ಲ. ಕೇಳಿದ ಮೇಲೆ ಯಾವ ಹಾಡು ಇಷ್ಟವಾಗಲಿಲ್ಲ ಅಂತ ಬರೆಯಿರಿ. ನನಗೆ ‘ಕ್ಯಾಂಡಿ ಪರ್ಫ್ಯೂಮ್ ಗರ್ಲ್’ ಅಷ್ಟಕ್ಕಷ್ಟೇ.